ಸೊಂಟದ ಹಗ್ಗ

ಕಿರಿಸೊಸೆ ಹೆತ್ತ ಹೆಣ್ಣುಮಗುವನ್ನು ಅತ್ತೆ ಬಾಣಂತಿಯ ಪಕ್ಕದಿಂದ ಎತ್ತಿಕೊಂಡು ಹೋಗಿ, ಮಕ್ಕಳಿಲ್ಲದ ಹಿರಿಸೊಸೆಯ ಮಡಿಲಿಗೆ ಹಾಕಿದಳು. ಹೆತ್ತವಳನ್ನು ಯಾರೂ ಕೇಳಲಿಲ್ಲ. ಆ ಮಗು ಗುಬ್ಬಿಗೆ ಈಗ ಹಾಲುಹಲ್ಲು ಉದುರುತ್ತಿವೆ. ಹೆತ್ತವಳನ್ನು ಅದು ಚಿಕ್ಕಿ ಎಂದು ಕರೆಯುತ್ತದೆ.

ಮನೆಯವರೆಲ್ಲ ಹಿರಿಮಗನ ಮೋಟಾರುದೋಣಿಯಲ್ಲಿ ಕರಾವಳಿಗುಂಟ ಬಂದರಿನಿಂದ ಬಂದರಿಗೆ ಹೊರಟಿದ್ದರು. ದೋಣಿ ಅಣ್ಣನದು, ನಡೆಸುವ ಕೈ ತಮ್ಮನದು. ತಮ್ಮನಿಗೆ ಅದಕ್ಕೆ ಸಿಗುತ್ತಿದ್ದುದು ಊಟ, ಮನೆಯ ಹಿಂಭಾಗದ ಒಂದು ಕೋಣೆ, ಮತ್ತು ಬಾಯಿ ಮುಚ್ಚಿಕೊಂಡಿರುವ ಹಕ್ಕು. ಅವನ ಹೆಂಡತಿಯ ಜಾಗ ಕೆಳಗಿನ ಅಡುಗೆಗೂಡು. ಅಲ್ಲಿ ನೆಟ್ಟಗೆ ನಿಂತರೆ ತಲೆ ಛಾವಣಿಗೆ ಬಡಿಯುತ್ತಿತ್ತು. ಅಲೆ ಎದ್ದಾಗಲೆಲ್ಲ ಕುದಿಯುವ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳಬೇಕಿತ್ತು. ಗಾಳಿಗೆಂದು ಮೇಲೆ ಬಂದರೆ ಮೆತ್ತೆಯ ಕುರ್ಚಿಯಿಂದ ಅತ್ತೆಯ ಮಾತು ಬರುತ್ತಿತ್ತು: "ಮಹಾರಾಣಿಗೆ ಸಮುದ್ರ ತೋರಿಸೋಕೆ ಕರ್ಕೊಂಡು ಬಂದಿಲ್ಲ. ಒಲೆ ಯಾರು ನೋಡ್ತಾರೆ?"

ಆದರೂ ಈ ಪಯಣದಲ್ಲಿ ಅವಳಿಗೊಂದು ಭಾಗ್ಯ ಒಲಿದಿತ್ತು. ಕಿರಿಮಗ ಯಾರಿಗೂ ಸಡಿಲಿಸದ ನಿಯಮವೊಂದಿತ್ತು: ದೋಣಿಯಲ್ಲಿರುವಷ್ಟು ಹೊತ್ತು ಮಗು ನೀರಿಗೆ ಬೀಳದಂತೆ ಅದರ ಸೊಂಟಕ್ಕೊಂದು ಹಗ್ಗ ಕಟ್ಟಿರಬೇಕು, ಅದರ ಇನ್ನೊಂದು ತುದಿ ದೊಡ್ಡವರೊಬ್ಬರ ಸೊಂಟದಲ್ಲಿರಬೇಕು. ಕಟ್ಟಿಕೊಂಡವರೇ ಬಿಚ್ಚಬೇಕು, ಬೇರೆಯವರು ಆ ಗಂಟು ಮುಟ್ಟುವ ಹಾಗಿಲ್ಲ. ಹಿರಿಸೊಸೆ ಮೊದಲ ದಿನವೇ ವಾಂತಿ ಮಾಡಿಕೊಂಡು ಹಾಸಿಗೆ ಹಿಡಿದಳು. "ನೀನೇ ಕಟ್ಕೋ, ಹೇಗಿದ್ರೂ ಖಾಲಿ ಇದೀಯಲ್ಲ," ಎಂದು ಹಗ್ಗದ ತುದಿಯನ್ನು ಕಿರಿಸೊಸೆಯತ್ತ ಎಸೆದವಳು ಅತ್ತೆಯೇ.

ಖಾಲಿ... ಆ ಮಾತನ್ನು ನುಂಗಿಕೊಂಡು ಅವಳು ಹಗ್ಗವನ್ನು ಸೊಂಟಕ್ಕೆ ಬಿಗಿದುಕೊಂಡಳು.

"ಚಿಕ್ಕಿ, ನಾನು ಮೀನು, ನೀನು ಗಾಳ," ಎಂದು ಗುಬ್ಬಿ ಹಗ್ಗ ಜಗ್ಗುತ್ತಿದ್ದಳು.

"ಇಷ್ಟು ಬಾಯಿ ಬಡ್ಕೊಳ್ಳೋ ಮೀನು ಯಾವ ಸಮುದ್ರದಲ್ಲೂ ಇಲ್ಲ ಕಣೆ."

ಎಲ್ಲರ ಎದುರೇ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಹುದಿತ್ತು, ಜಡೆ ಹಾಕಬಹುದಿತ್ತು. ಯಾರೂ ಬೇಡ ಎನ್ನುವಂತಿರಲಿಲ್ಲ. ಅದು ನಿಯಮ.

ಪಯಣದ ಕೊನೆಯ ಬೆಳಿಗ್ಗೆ, ಅಡುಗೆಗೂಡಿನಲ್ಲಿ ರೊಟ್ಟಿ ಚೂರು ಮೆಲ್ಲುತ್ತ ಗುಬ್ಬಿ ಸಲೀಸಾಗಿ ಹೇಳಿದಳು: "ಇವತ್ತು ಇಳಿದ್ಮೇಲೆ ನಾವು ದೊಡ್ಡ ಹಡಗು ಹತ್ತಿ ಬೇರೆ ದೇಶಕ್ಕೆ ಹೋಗ್ತೀವಿ. ಅಲ್ಲೇ ಇರ್ತೀವಂತೆ. ನೀನು ಬರಲ್ವಂತೆ ಚಿಕ್ಕಿ. ಯಾಕೆ?"

ಅವಳ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಒಲೆಯ ಮೇಲಿನದು ಸೀದುಹೋಯಿತು... ಅವಳಿಗೆ ವಾಸನೆಯೂ ತಿಳಿಯಲಿಲ್ಲ. ಮಗುವನ್ನು ಜೊತೆಗೇ ಕರೆದುಕೊಂಡು ಮೇಲೆ ಬಂದು ಗಂಡನ ಹಿಂದೆ ನಿಂತಳು.

"ನಿಮಗೆ ಗೊತ್ತಿತ್ತಾ?"

ಅವನು ಚುಕ್ಕಾಣಿಯಿಂದ ಕಣ್ಣು ತೆಗೆಯಲಿಲ್ಲ. "ಅಣ್ಣ ಹೇಳಿದ್ದ. ನಿನಗೆ ಹೇಳೋ ಧೈರ್ಯ ಬರಲಿಲ್ಲ."

"ನಿಮಗೆ ಯಾವತ್ತು ಬಂದಿತ್ತು?"

ಅವನು ಚುಕ್ಕಾಣಿಯನ್ನು ಬಂದರಿನತ್ತ ತಿರುಗಿಸಿದ.

ಮಧ್ಯಾಹ್ನ ದೋಣಿ ಬಂದರಿನ ಕಟ್ಟೆಗೆ ತಾಗಿತು. ಪೆಟ್ಟಿಗೆಗಳು ಇಳಿದವು, ಭಾವ ಇಳಿದ, ಬಿಳಿಚಿದ ಮುಖದ ಹಿರಿಸೊಸೆ ಅವನ ಭುಜ ಹಿಡಿದು ಇಳಿದಳು. ಕೊನೆಗೆ ಅತ್ತೆ. ಕಟ್ಟೆಯ ಮೇಲೆ ನಿಂತು ಕೈ ಚಾಚಿದಳು. "ಹಗ್ಗ ಬಿಚ್ಚಿ ಮಗೂನ ಕೊಡು. ನೀವಿಬ್ಬರೂ ದೋಣಿ ತಗೊಂಡು ವಾಪಸ್ ಹೊರಡಿ."

ಕಿರಿಸೊಸೆ ಅಲುಗಲಿಲ್ಲ.

"ಕಿವಿ ಕೇಳಿಸಲ್ವಾ? ಹಡಗಿಗೆ ಹೊತ್ತಾಯ್ತು."

"ಕೇಳಿಸ್ತು ಅತ್ತೆ."

"ಮತ್ತೆ? ಅವಳನ್ನ ಹಿಡ್ಕೊಂಡು ನಿಲ್ಲೋಕೆ ನೀನು ಯಾರು ಅವಳಿಗೆ?"

"ಅದನ್ನ ನೀವೇ ಹೇಳಿ. ಗುಬ್ಬಿ ಕೇಳಿಸಿಕೊಳ್ಳಲಿ."

ಹಿರಿಸೊಸೆ ಪೆಟ್ಟಿಗೆಯ ಮೇಲೆ ಕುಸಿದು ಮುಖ ಮುಚ್ಚಿಕೊಂಡಳು. ಅವಳೂ ಆ ಮಗುವಿನ ಜ್ವರಕ್ಕೆ ನಿದ್ದೆಗೆಟ್ಟವಳೇ. ಒಬ್ಬಳ ಬರಿದಾದ ಮಡಿಲನ್ನು ಇನ್ನೊಬ್ಬಳ ಮಡಿಲಿನಿಂದ ಕಿತ್ತು ತುಂಬಿದವಳು ಮಾತ್ರ ನೆಟ್ಟಗೆ ನಿಂತಿದ್ದಳು. ಗುಬ್ಬಿ ಒಬ್ಬೊಬ್ಬರ ಮುಖವನ್ನೂ ನೋಡುತ್ತ, ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಲೋ," ಅತ್ತೆ ಕಿರಿಮಗನತ್ತ ತಿರುಗಿದಳು, "ಚಾಕು ತಗೊಂಡು ಕತ್ತರಿಸಿ ಬಿಸಾಕು ಅದನ್ನ."

ಅವನು ಇಂಜಿನ್ ನಿಲ್ಲಿಸಿದ. ಚಾಕು ಅವನ ಸೊಂಟದಲ್ಲೇ ಇತ್ತು. ಎಣ್ಣೆಗೈಯನ್ನು ಚಿಂದಿಗೆ ಒರೆಸಿದ, ಮತ್ತೆ ಒರೆಸಿದ. ಆಮೇಲೆ ಯಾರ ಮುಖವನ್ನೂ ನೋಡದೆ ಹೇಳಿದ: "ಕಟ್ಟಿಕೊಂಡವರೇ ಬಿಚ್ಚಬೇಕು ಅಮ್ಮ."

"ಇವತ್ತು ಬಿಚ್ಚದಿದ್ರೆ ನಿಮಗೆ ಈ ದೋಣೀನೂ ಇಲ್ಲ, ಆ ಕೋಣೆನೂ ಇಲ್ಲ," ಎಂದ ಭಾವ. ಅವನು ಹೇಳಿದ್ದನ್ನು ಮಾಡುವವನೆಂದು ಅವಳಿಗೆ ಗೊತ್ತಿತ್ತು. ಹಿಂಭಾಗದ ಕೋಣೆ, ಗೋಡೆಗೆ ಒರಗಿಸಿಟ್ಟ ಚಾಪೆ, ಬಾಗಿಲಲ್ಲಿ ಬಿಟ್ಟು ಬಂದ ಚಪ್ಪಲಿ... ಎಲ್ಲ ಕಣ್ಣಮುಂದೆ ಬಂದವು.

"ಕೊನೇ ಸಲ ಹೇಳ್ತಿದೀನಿ," ಎಂದಳು ಅತ್ತೆ. "ಬಿಚ್ಚು."

ಅವಳು ಗಂಟಿನ ಮೇಲೆ ಕೈ ಇಟ್ಟಳು. ಮುಚ್ಚಿ ಹಿಡಿದಳು.

"ಬಿಚ್ಚಲ್ಲ."