ಅವಳ ಪರವಾಗಿ ಹೇಳಿದ ಮಾತು

ಬಡಿಸುತ್ತಿದ್ದ ಸೌಟು ಅವಳ ಕೈಯಲ್ಲೇ ನಿಂತುಬಿಟ್ಟಿತು. ಊಟಕ್ಕೆ ಕೂತಿದ್ದ ಭಾವ ತಲೆಯೆತ್ತದೆಯೇ, ಸಂಘದ ಅಧ್ಯಕ್ಷಗಿರಿ ಬೇಡ ಅಂದೆಯಂತಲ್ಲ, ಒಳ್ಳೇ ಕೆಲಸ ಮಾಡಿದೆ ಎಂದಿದ್ದ. ಅವಳು ಹಾಗೆ ಯಾರಿಗೂ ಹೇಳಿರಲಿಲ್ಲ. ಗಂಡನ ಕಡೆ ತಿರುಗಿದಳು. ಅವನು ನೀರಿನ ಲೋಟ ಎತ್ತಿ, ಕುಡಿಯದೆ ಕೆಳಗಿಟ್ಟ. ಅವಳಿಗೆ ಎಲ್ಲ ತಿಳಿದುಹೋಯಿತು...

ತರಕಾರಿ ಬೆಳೆಗಾರರ ಆ ಸಂಘವನ್ನು ಕಟ್ಟಿದವಳೇ ಅವಳು. ಯಾವ ಹೊಲಕ್ಕೆ ಯಾವ ಬೀಜ, ಯಾವ ಗಿಡಕ್ಕೆ ಎಂಥ ರೋಗ ಎಂದು ವರ್ಷಗಟ್ಟಲೆ ಬದುಗಳ ಮೇಲೆ ಚಪ್ಪಲಿ ಸವೆಸಿ, ಮುಖ ಕೊಟ್ಟು ಮಾತಾಡದವರನ್ನೆಲ್ಲ ಒಂದೆಡೆ ಕೂರಿಸಿದ್ದಳು. ಕುರ್ಚಿಯಲ್ಲಿ ಮಾತ್ರ ಯಾವಾಗಲೂ ಯಾರೋ ಒಬ್ಬ ಗಂಡಸು. ಈ ಸಲ ಎಲ್ಲರ ಬಾಯಲ್ಲೂ ಅವಳ ಹೆಸರೇ. ಅವಳು ಅಧ್ಯಕ್ಷೆಯಾದರೆ ಬೆಳೆ ದಲ್ಲಾಳಿಗಳನ್ನು ದಾಟಿ ನೇರವಾಗಿ ಅಂಗಡಿಗಳಿಗೆ ಹೋಗುವುದಿತ್ತು. ಭಾವ ಪೇಟೆಯಲ್ಲಿ ದಲ್ಲಾಳಿ. ಅಪ್ಪ ಸತ್ತ ಮೇಲೆ ತಮ್ಮನನ್ನು, ಅಂದರೆ ಅವಳ ಗಂಡನನ್ನು, ಓದಿಸಿ ದೊಡ್ಡವನನ್ನಾಗಿ ಮಾಡಿದ್ದು ಅದೇ ದುಡಿಮೆಯಿಂದ.

ಗಂಡ ಅಡುಗೆಮನೆಗೆ ಬಂದು ಮೆಲ್ಲಗೆ ಹೇಳಿದ.

"ಅಮ್ಮ ಅತ್ತುಬಿಟ್ಟಳು ಕಣೇ. ಅಣ್ಣನ ಹೊಟ್ಟೆ ಮೇಲೆ ಹೊಡೀಬೇಡಿ ಅಂದಳು... ಅದಕ್ಕೇ ನಾನು ಸಂಘಕ್ಕೆ ಹೋಗಿ, ನಿನಗೆ ಬೇಡವಂತೆ ಅಂತ ಹೇಳಿ ಬಂದೆ."

"ನನ್ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ?"

ಅವಳು ಕೈ ತೊಳೆದು, ಉಣ್ಣದೆ, ಸಂಘದ ಕಚೇರಿಗೆ ನಡೆದಳು. ಆಯ್ಕೆಯ ಸಭೆ ಆಗಲೇ ಸೇರಿತ್ತು. ತಾನು ಬೇಡ ಎಂದಿಲ್ಲ, ಈಗಲೂ ಸಿದ್ಧ ಎಂದು ಎಲ್ಲರೆದುರು ನಿಂತು ಹೇಳಿದಳು. ಗುಸುಗುಸು ಎದ್ದಿತು. ಮನೆಯಲ್ಲಿ ಮುನಿಸಿಕೊಂಡು ಬಂದಿರಬೇಕು ಎಂದು ಯಾರೋ ನಕ್ಕರು. ವಯಸ್ಸಾದ ಕಾರ್ಯದರ್ಶಿ ಕನ್ನಡಕ ತೆಗೆದು ಒರೆಸತೊಡಗಿದ.

"ನಿಮ್ಮ ಯಜಮಾನರೇ ಬಂದು ಹೇಳಿದ್ದಾರಲ್ಲಮ್ಮ. ಅವರ ಮಾತು ತೆಗೆದುಹಾಕೋದು ಹೇಗೆ?"

"ನಾನೇ ಇಲ್ಲಿ ನಿಂತಿದ್ದೀನಲ್ಲ... ನನ್ನ ಮಾತು?"

ಅವಳು ಬೆಳೆಸಿದ ಸಸಿಗಳನ್ನು ನೆಟ್ಟವರು, ಅವಳ ಮಾತು ನಂಬಿ ಬೆಳೆಯನ್ನೇ ಬದಲಿಸಿದವರು, ಕಿಟಕಿಯಾಚೆ ನೋಡುತ್ತ ಕೂತರು.

ಆಗ ಹಿಂದೆಯೇ ಬಂದಿದ್ದ ಗಂಡ ಒಳಗೆ ಕಾಲಿಟ್ಟ. ಬಾಗಿಲಲ್ಲಿ ಭಾವನೂ ಇದ್ದ. ಅವನ ಮುಖವನ್ನು ಒಮ್ಮೆ ನೋಡಿ, ಗಂಡ ಸಭೆಯ ಕಡೆ ತಿರುಗಿದ.

"ಅವಳು ಬೇಡ ಅಂದಿರಲಿಲ್ಲ. ನಾನು ಸುಳ್ಳು ಹೇಳಿದೆ."

ಭಾವ ಹೊರಟುಹೋದ. ಒಳಗೆ ಕೈಗಳು ಒಂದರ ಹಿಂದೊಂದು ಮೇಲೆದ್ದವು. ಅವಳು ಅಧ್ಯಕ್ಷೆಯಾದಳು. ಸಭೆ ಮುಗಿದಾಗ ಜನ ಮೊದಲು ಹೋಗಿ ಕೈ ಕುಲುಕಿದ್ದು ಗಂಡನದು. ಎಂಥ ದೊಡ್ಡ ಮನಸ್ಸು ಎಂದು ಅವನನ್ನು ಹೊಗಳಿದರು.

ಮನೆಗೆ ಬಂದರೆ ಅತ್ತೆ ಬಟ್ಟೆಬರೆ ಕಟ್ಟಿಕೊಂಡು ದೊಡ್ಡ ಮಗನ ಮನೆಗೆ ಹೊರಟಾಗಿತ್ತು. ಇರಿ ಎಂದು ಸೊಸೆ ಕೈಹಿಡಿದಳು. ಮುದುಕಿ ಕೊಸರಿಕೊಳ್ಳಲಿಲ್ಲ, ನಿಲ್ಲಲೂ ಇಲ್ಲ. ಆ ಬೆನ್ನು ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೂ ಗಂಡ ನೋಡುತ್ತಿದ್ದ.

"ಅಣ್ಣನನ್ನ, ಅಮ್ಮನನ್ನ ಇಬ್ಬರನ್ನೂ ಕಳ್ಕೊಂಡೆ," ಎಂದ. "ಈಗಾದ್ರೂ ನಿನಗೆ ಸಮಾಧಾನ ಆಯ್ತಾ?"

ಅವನು ಕಳೆದುಕೊಂಡದ್ದು ಎಷ್ಟೆಂದು ಅವಳಿಗೆ ಗೊತ್ತಿತ್ತು. ಆದರೂ ಹೌದು ಎನ್ನಲು ನಾಲಿಗೆ ಏಳಲಿಲ್ಲ.

"ಸಭೇಲಿ ನೀವು ಹೇಳಿದ್ದನ್ನೇ ನಾನೂ ಮೊದಲೇ ಹೇಳಿದ್ದೆ," ಎಂದಳು. "ನೀವು ಹೇಳಿದ ಮೇಲೆ ಅದು ನಿಜ ಆಯ್ತು."