ಎಡಗೊಂಬು ಮುರಿದ ಜಿಂಕೆ

ಭಾನುವಾರ ಪ್ರಾರ್ಥನೆ ಮುಗಿಸಿ ನಾನು ಚರ್ಚಿನ ಬಾಗಿಲು ಹಾಕುತ್ತಿದ್ದೆ. ಹೆಂಡದಂಗಡಿಯ ವೆಂಡ್ಟ್ ಓಡಿಬಂದ.

"ಪಾದ್ರಿಗಳೇ, ಗೋಡೆ ಮೇಲಿನ ಜಿಂಕೆ ಕೊಂಬು ಕಳುವಾಗಿದೆ!"

"ಯಾವುದು? ದೊಡ್ಡದಾ?"

"ಅದೇ ತಮಾಷೆ. ದೊಡ್ಡದು ಇದ್ದಲ್ಲೇ ಇದೆ. ಹೋಗಿರೋದು ಒಲೆ ಪಕ್ಕದ್ದು, ಎಡಗೊಂಬು ಮುರಿದಿದ್ದು."

ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. ಆದರೆ ಮಂಗಳವಾರ ಶ್ವೆರೀನ್ ನಗರದಿಂದ ಅಧಿಕಾರಿಗಳು ಬರುವವರಿದ್ದರು, ಆ ಕೊಂಬುಗಳನ್ನು ಒಂದೊಂದಾಗಿ ಕೆಳಗಿಳಿಸಿ ನೋಡಲು.

ಅವೆಲ್ಲ ನಮ್ಮೂರಿನ ಜಹಗೀರುದಾರ, ಕೌಂಟ್ ಫಾನ್ ವಾರ್ಗೆನಿಟ್ಸ್ ಅವರ ಬೇಟೆಗೆ ಬಿದ್ದ ಜಿಂಕೆಗಳ ಕೊಂಬುಗಳು, ಬುರುಡೆ ಸಮೇತ. ನಲವತ್ತೈದರಲ್ಲಿ ರಷ್ಯನ್ನರು ಬಂದರು, ಕೌಂಟ್ ಓಡಿಹೋದರು, ಕೋಟೆ ಸರ್ಕಾರದ್ದಾಯಿತು, ಕೊಂಬುಗಳು ವೆಂಡ್ಟ್‌ನ ಅಪ್ಪನ ಗೋಡೆ ಸೇರಿದವು. ಈಗ ಎರಡು ಜರ್ಮನಿಗಳೂ ಒಂದಾದ ಮೇಲೆ ಕೌಂಟ್ ಅವರ ಮೊಮ್ಮಗ ಗೆಬ್‌ಹಾರ್ಟ್ ಹ್ಯಾಂಬರ್ಗ್‌ನಿಂದ ಬಂದು ಕೋಟೆಗೆ ಪರಿಹಾರ ಕೇಳಿದ್ದ. ಕಾನೂನು ಮಾತ್ರ ಖಡಕ್ಕು: ನಾಜಿಗಳಿಗೆ ಒತ್ತಾಸೆಯಾಗಿ ನಿಂತವರ ವಾರಸುದಾರರಿಗೆ ಬಿಡಿಗಾಸೂ ಇಲ್ಲ.

"ಹಿಟ್ಲರ್ ಗದ್ದುಗೆ ಏರಿದ ಮೇಲೆ ತಲೆ ಬಾಗಿಸದವರು ಯಾರಿದ್ದರು? ಅದಕ್ಕೂ ಮುಂಚೆ ನಮ್ಮ ತಾತ ಅವರ ಮುಖವನ್ನೂ ನೋಡಿರಲಿಲ್ಲ" — ಇದು ಗೆಬ್‌ಹಾರ್ಟ್‌ನ ವಾದ. ಊರಿನ ಮಾತೇ ಬೇರೆ. ಆ ಕೊಂಬುಗಳಲ್ಲಿ ಒಂದು, ನಾಜಿ ಪಕ್ಷದ ದೊಡ್ಡ ಮುಖಂಡನೊಬ್ಬ ಹೊಡೆದ ಜಿಂಕೆಯದಂತೆ, ಅದೂ ಗದ್ದುಗೆಗೆ ಮುಂಚೆಯೇ. ಯಾವುದು? ದೊಡ್ಡ ಮನುಷ್ಯನದು ದೊಡ್ಡ ಕೊಂಬೇ ಇರಬೇಕು — ಎಲ್ಲರೂ ಹಾಗೇ ಅಂದುಕೊಂಡಿದ್ದರು.

ನಾನು ರೋಸ್ವಿತಾ ಪಾಗೆಲ್‌ಗೆ ಹೇಳಿಕಳಿಸಿದೆ. ಮೂವತ್ತು ವರ್ಷ ಅಪರಾಧ ಪತ್ತೆ ದಳದಲ್ಲಿದ್ದು ನಿವೃತ್ತಳಾದ ಹೆಂಗಸು. ಈಗ ನಮ್ಮ ಚರ್ಚಿನ ಗಾಯನ ತಂಡದಲ್ಲಿ ಅಪಸ್ವರ ಹಾಡುತ್ತಾಳೆ.

ಅವಳು ಖಾಲಿ ಮೊಳೆ ನೋಡಿದಳು. ಬಾಗಿಲ ಬೀಗ ನೋಡಿದಳು. ಮುರಿದಿರಲಿಲ್ಲ.

"ನಿನ್ನೆ ಇಲ್ಲಿಗೆ ಯಾರ್ಯಾರು ಬಂದಿದ್ರು?"

"ಅರ್ಧ ಊರೇ ಬಂದಿತ್ತು, ಮೇಡಂ. ಫುಟ್‌ಬಾಲ್ ಇತ್ತಲ್ಲ! ಎಲ್ಲರ ಕಣ್ಣೂ ಟೀವಿ ಮೇಲೆ."

"ಗೆಬ್‌ಹಾರ್ಟ್?"

ವೆಂಡ್ಟ್ ಒರೆಸಿದ ಲೋಟವನ್ನೇ ಮತ್ತೆ ಒರೆಸಿದ. "ಬಂದಿದ್ರು."

"ಯಾಕೆ ಬೆವರ್ತಿದೀಯ, ವೆಂಡ್ಟ್? ಏನು ಮುಚ್ಚಿಡ್ತಿದೀಯ?"

"ನಾನು ಕದ್ದಿಲ್ಲ!"

"ಕದ್ದೆ ಅಂದೆನಾ? ಮಾರಿದೆಯಾ ಅಂತ ಕೇಳ್ತಿದೀನಿ."

ವೆಂಡ್ಟ್ ಕುರ್ಚಿಯಲ್ಲಿ ಕುಸಿದ. ಹೌದು. ಗೋಡೆ ಪೂರ್ತಿ, ಒಂದೂ ಬಿಡದೆ, ಗೆಬ್‌ಹಾರ್ಟ್‌ಗೆ ಮಾರಿದ್ದ. ಸೋಮವಾರ ವ್ಯಾನ್ ಬರುವುದಿತ್ತು. ಮಂಗಳವಾರ ಅಧಿಕಾರಿಗಳಿಗೆ ಬರೀ ಮೊಳೆಗಳ ದರ್ಶನ.

"ನೀಚ!" ಎಂದೆ, ಪಾದ್ರಿ ಎನ್ನುವುದನ್ನೂ ಮರೆತು.

ಗೆಬ್‌ಹಾರ್ಟ್ ಸಿಕ್ಕಿದ್ದು ಅವನ ಅತ್ತೆ ಓಟೀಲಿಯ ಮನೆಯಲ್ಲಿ. ಆಕೆ ಹಳೆಯ ಕೌಂಟ್ ಅವರ ಮಗಳು, ಎಪ್ಪತ್ತು ದಾಟಿದ ಅವಿವಾಹಿತೆ. ಐದು ವರ್ಷದ ಹಿಂದೆ ಊರಿಗೆ ಮರಳಿ, ಹಾಲಿನ ಡೈರಿಯ ಮೇಲಿನ ಎರಡು ಕೋಣೆ ಹಿಡಿದಿದ್ದರು. ಮೇಜಿನ ಮೇಲೆ ಕಾಫಿ, ಪ್ಲಮ್ ಕೇಕು.

"ವೆಂಡ್ಟ್ ಅಂಗಡಿಯಿಂದ ಒಂದು ಕೊಂಬು ಕಳುವಾಗಿದೆ" ಎಂದಳು ರೋಸ್ವಿತಾ, ಬಾಗಿಲಲ್ಲೇ ನಿಂತು.

ಗೆಬ್‌ಹಾರ್ಟ್ ಧಡಕ್ಕನೆ ಎದ್ದ. "ಯಾವುದು? ದೊಡ್ಡದಾ?"

"ಅಲ್ಲ. ಎಡಗೊಂಬು ಮುರಿದಿದ್ದು."

ಅವನು ಉಸಿರು ಬಿಟ್ಟು ನಕ್ಕ. "ಅಯ್ಯೋ, ಅದಾ! ಹೋಗಲಿ ಬಿಡಿ. ಕಳ್ಳ ಅವಸರದಲ್ಲಿ ಎಡವಿದಾನೆ."

ಓಟೀಲಿ ಕೇಕು ಕತ್ತರಿಸುತ್ತಲೇ ಇದ್ದರು. "ಕೂತ್ಕೊಳ್ಳಿ ಪಾದ್ರಿಗಳೇ. ಕಾಫಿ ಆರುತ್ತೆ."

ರೋಸ್ವಿತಾ ಕೂತಳು. ಕೇಕು ಮುಟ್ಟಲಿಲ್ಲ.

"ಕಳ್ಳ ಎಡವಿಲ್ಲ, ಗೆಬ್‌ಹಾರ್ಟ್. ಕದ್ದಿದ್ದು ನೀವೂ ಅಲ್ಲ. ನಾಳೆ ಹೇಗೂ ತನ್ನದಾಗೋ ಮಾಲನ್ನ ಇವತ್ತು ಯಾರು ಕದೀತಾರೆ? ಮಾರಿದ ವೆಂಡ್ಟ್‌ಗೂ ಅದರಿಂದ ಲಾಭ ಇಲ್ಲ."

ಗೆಬ್‌ಹಾರ್ಟ್‌ನ ಮುಖ ಕಪ್ಪಿಟ್ಟಿತು. "ಮತ್ತೆ ಯಾರು?"

"ವ್ಯಾನ್ ಬರುತ್ತೆ, ಕೊಂಬೆಲ್ಲ ಬೂದಿಯಾಗುತ್ತೆ ಅಂತ ಗೊತ್ತಿದ್ದವರು. ಅದರಲ್ಲಿ ಒಂದನ್ನ ಉಳಿಸಬೇಕು ಅಂದುಕೊಂಡವರು. ಯಾವುದನ್ನ ಉಳಿಸಬೇಕು ಅಂತ ಗೊತ್ತಿದ್ದವರು. ಕಳುವಿನ ಸುದ್ದಿ ಕೇಳಿದ ತಕ್ಷಣ ಎಲ್ಲರೂ ಕೇಳಿದ್ದು ಒಂದೇ ಮಾತು: ಯಾವುದು? ಪಾದ್ರಿಗಳು ಕೇಳಿದ್ರು, ನೀವು ಕೇಳಿದ್ರಿ, ನಾನೂ ಕೇಳಿದ್ದೆ. ಈ ಕೋಣೇಲಿ ಒಬ್ಬರು ಮಾತ್ರ ಕೇಳಲಿಲ್ಲ." ಅವಳ ದನಿ ತಗ್ಗಿತು. "ಯಾಕೆ ಕೇಳಲಿಲ್ಲ, ಓಟೀಲಿ ಅಮ್ಮ?"

ಚಾಕು ತಟ್ಟೆಯ ಮೇಲೆ ನಿಂತಿತು.

"ಅತ್ತೆ?" — ಗೆಬ್‌ಹಾರ್ಟ್.

ಆಕೆ ಎದ್ದು ಬೀರು ತೆರೆದರು. ಹೆಣಿಗೆಯ ಚೀಲದಿಂದ, ಉಣ್ಣೆ ಸರಿಸಿ, ಕೊಂಬು ತೆಗೆದು ಮೇಜಿನ ಮೇಲಿಟ್ಟರು. ಬುರುಡೆಯ ಹಿಂಬದಿ ತಿರುಗಿಸಿದರು. ಮೂಳೆಯ ಮೇಲೆ ಕಂದಿದ ಶಾಯಿ:

*ನವೆಂಬರ್ ೧೯೩೨. ಬರಲಿರುವ ಜರ್ಮನಿಯ ಗೆಳೆಯನಿಗೆ. ನನ್ನ ಮನೆ, ನನ್ನ ಆಳುಕಾಳು, ನನ್ನ ಹೆಸರು — ಎಲ್ಲ ನಿಮ್ಮ ಪಕ್ಷದ್ದು.* ಕೆಳಗೆ ಕೌಂಟ್ ಅವರ ರುಜು.

ಹಿಟ್ಲರ್ ಗದ್ದುಗೆ ಏರಲು ಇನ್ನೂ ಎರಡು ತಿಂಗಳಿತ್ತು. ಆಗ ಯಾರೂ ಯಾರನ್ನೂ ಬಲವಂತ ಮಾಡುವಂತಿರಲಿಲ್ಲ.

"ಆ ಮುಖಂಡನಿಗೆ ಗುರಿ ಇಡೋಕೂ ಬರ್ತಿರಲಿಲ್ಲ" ಎಂದರು ಓಟೀಲಿ. "ಜಿಂಕೆ ಹೊಡೆಯೋಕೆ ಹೋಗಿ ಕೊಂಬು ಮುರಿದ. ಅಪ್ಪ ಇದನ್ನ ಬರೆಯುವಾಗ ಶಾಯಿಕುಡಿಕೆ ಹಿಡಿದು ನಿಂತಿದ್ದವಳು ನಾನು. ಆ ಅತಿಥಿ ಮುರಿದ ಕೊಂಬು ನೋಡಿ ಮೂಗು ಮುರಿದು, ಇಲ್ಲೇ ಬಿಟ್ಟುಹೋದ. ಅಪ್ಪನ ಮುಖ ಅಷ್ಟು ಸಣ್ಣಗಾಗಿದ್ದು ಅವತ್ತೊಂದೇ ದಿನ."

"ಅತ್ತೆ, ಇದನ್ನ ಒಲೆಗೆ ಹಾಕಿ!" ಗೆಬ್‌ಹಾರ್ಟ್ ಕೈ ಚಾಚಿದ. "ನಮ್ಮ ಮನೆತನ... ಏನೂ ಉಳಿಯಲ್ಲ!"

ರೋಸ್ವಿತಾ ಅವನ ಮಣಿಕಟ್ಟು ಹಿಡಿದಳು. ಬಿಡಲಿಲ್ಲ.

"ಮೊನ್ನೆ ಫೋನಲ್ಲಿ ವ್ಯಾನಿನ ಮಾತಾಡ್ತಿದ್ದೆಯಲ್ಲ ಮಗಾ, ಅತ್ತೆಗೆ ಕಿವಿ ಮಂದ ಅಂದ್ಕೊಂಡ್ಯಾ?" ಎಂದರು ಓಟೀಲಿ. "ನಿನ್ನೆ ಎಲ್ಲರೂ ಟೀವಿ ನೋಡ್ತಿದ್ದಾಗ ಇದನ್ನ ಚೀಲಕ್ಕೆ ಹಾಕ್ಕೊಂಡು ಬಂದೆ. ನಮ್ಮಪ್ಪ ಒಳ್ಳೆಯವರು, ಪಾಪ, ಕಾಲ ಕೆಟ್ಟಿತ್ತು ಅಂತ ಹೇಳಿಕೊಂಡೇ ನಾನು ಮುದುಕಿಯಾದೆ. ಆದರೆ ಅದನ್ನ ನೀನು ಪ್ರಮಾಣ ಮಾಡಿ ಹೇಳಿ, ಅದಕ್ಕೆ ಕೂಲಿ ಕೇಳೋಕೆ ಹೊರಟೆ. ಅದು ನನ್ನ ಕೈಲಿ ತಡೆಯೋಕಾಗಲಿಲ್ಲ."

ಅವನು ಕೋಟು ಎತ್ತಿಕೊಂಡು ಹೊರಟ. ಮೆಟ್ಟಿಲ ಮೇಲೆ ಒಮ್ಮೆ ನಿಂತ ಸದ್ದಾಯಿತು. ತಿರುಗಿ ಬರಲಿಲ್ಲ.

ವೆಂಡ್ಟ್ ದೂರು ಕೊಡುವ ಧೈರ್ಯ ಮಾಡಲಿಲ್ಲ. ಮಂಗಳವಾರ ಓಟೀಲಿ ನನ್ನ ತೋಳು ಹಿಡಿದುಕೊಂಡು ಪಂಚಾಯ್ತಿ ಕಚೇರಿಗೆ ಬಂದರು. ಅಧಿಕಾರಿ ಯುವಕ. ಬುರುಡೆಯ ಬರಹವನ್ನು ಎರಡು ಸಲ ಓದಿದ.

"ಇದು ಕೌಂಟ್ ಅವರ ಕೈಬರಹವೇ ಅಂತ ಯಾರು ಹೇಳೋರು? ನಿಮಗೂ ಅವರಿಗೂ ಏನು ಸಂಬಂಧ?"

ಓಟೀಲಿ ನನ್ನ ತೋಳು ಬಿಟ್ಟು ನೆಟ್ಟಗೆ ನಿಂತರು.

"ಮಗಳು."