ಒಂದೇ ಸಾಲು, ಎರಡು ಪರದೆ

"ನನ್ನ ಸಾಲನ್ನ ಮುಟ್ಟಿದ್ದು ಯಾರು?"

ಕುರ್ಚಿ ಹಿಂದಕ್ಕೆ ತಳ್ಳಿ ಕೂಗಿದವಳತ್ತ ಇಡೀ ಆಫೀಸು ತಿರುಗಿತು. ಕೂತಲ್ಲಿ ಕೂರದ ಅವಳಿಗೆ ಎಲ್ಲರೂ ಇಟ್ಟ ಹೆಸರು ಚಡಪಡಿ.

ಎದುರಿನ ಮೇಜಿನ ಹೊಸಬ ತಲೆಯೆತ್ತಿದ. ಬಂದಾಗಿನಿಂದ ತುಟಿ ಬಿಚ್ಚದ ಅವನಿಗೆ ಗುಮ್ಮ ಎಂಬ ಹೆಸರು ಆಗಲೇ ಅಂಟಿತ್ತು.

"ನಾನೂ ಅದನ್ನೇ ಕೇಳ್ಬೇಕು ಅಂತಿದ್ದೆ. ನನ್ನ ಸಾಲು ಕೆಡಿಸ್ತಿರೋದು ನೀವೇ ಅಲ್ವಾ?"

"ಏನ್ರೀ! ಮೊದಲ್ನೇ ಸಲ ಬಾಯಿ ಬಿಟ್ಟಿದ್ದು ಜಗಳಕ್ಕಾ?"

"ಶುರು ಮಾಡಿದ್ದು ನೀವು."

ಎಷ್ಟು ಕೊಬ್ಬು... ಆದರೆ ಆ ಕಣ್ಣು! ಛೇ, ಕೆಲಸ ನೋಡು ಎಂದು ತನ್ನನ್ನೇ ಬೈದುಕೊಂಡಳು.

ಅವರಿಬ್ಬರೂ ಒಂದು ಆಸ್ಪತ್ರೆಗಾಗಿ ಪ್ರೋಗ್ರಾಂ ಬರೆಯುತ್ತಿದ್ದರು. ಕಾಯುವ ರೋಗಿಗಳ ವಿವರವೆಲ್ಲ ಒಂದು ಅರೇಯಲ್ಲಿ, ಅಂದರೆ ಒಂದರ ಪಕ್ಕ ಒಂದು ಕೂರಿಸಿದ ಸಾಲಿನಲ್ಲಿ ಇರುತ್ತಿತ್ತು. ಅದನ್ನು ಹೆಸರಿನ ಪ್ರಕಾರ ಸಾರ್ಟ್ ಮಾಡಿ, ಅಂದರೆ ಕ್ರಮವಾಗಿ ಜೋಡಿಸಿ ಕೌಂಟರಿನ ಪರದೆಗೆ ಕೊಡುವುದು ಅವಳ ಕೆಲಸ. ತುರ್ತು ಇದ್ದವರನ್ನು ಮುಂದೆ ತಂದು ಡಾಕ್ಟರ ಪರದೆಗೆ ಕೊಡುವುದು ಅವನದು.

ಅವಳದು ಸರಿಯಾದರೆ ಅವನದು ಕೆಡುತ್ತಿತ್ತು. ಅವನದು ಸರಿಯಾದರೆ ಅವಳದು!

ದಿನಾ ಜಗಳ. ಬರಬರುತ್ತಾ ಅವಳು ಜಗಳಕ್ಕೆ ಹೋಗುವ ಮುನ್ನ ಕನ್ನಡಿ ನೋಡಿಕೊಳ್ಳತೊಡಗಿದಳು...

ಆಸ್ಪತ್ರೆಯಲ್ಲಿ ಪರೀಕ್ಷೆಗೆಂದು ಆ ಪ್ರೋಗ್ರಾಂ ಓಡಿಸಿದ ದಿನ ಎಡವಟ್ಟಾಯಿತು. ಉಸಿರಾಡಲಾಗದೆ ಒದ್ದಾಡುತ್ತಿದ್ದ ಮುದುಕಿಯ ಹೆಸರು ಡಾಕ್ಟರ ಪರದೆಯ ತಳದಲ್ಲಿತ್ತು. ನರ್ಸ್ ನೋಡಿದ್ದರಿಂದ ಜೀವ ಉಳಿಯಿತು.

ತಂಡ ನೋಡಿಕೊಳ್ಳುವ ಮೇಡಂ ಸಿಡಿದರು. "ತಪ್ಪು ಯಾರದು?"

"ಡಾಕ್ಟರ ಪರದೆ ಅವರದು," ಎಂದುಬಿಟ್ಟಳು ಚಡಪಡಿ.

"ಹಾಗಾದ್ರೆ ನಾಳೆಯಿಂದ ಅವನು ಬೇರೆ ಊರಿನ ಆಫೀಸಿಗೆ!"

ಗುಮ್ಮ ಚೀಲ ತುಂಬತೊಡಗಿದ. ಅವಳಿಗೆ ಕೂತರೂ ತಳಮಳ, ನಿಂತರೂ ತಳಮಳ. ಸುಮ್ಮನಿರಲಾರದೆ ತನ್ನದೇ ಕೋಡ್ ತೆರೆದಳು.

ಒಂದು ಗೆರೆಯ ಮೇಲೆ ಕಣ್ಣು ನಿಂತಿತು. ಅಲ್ಲಿ ಸಾಲಿನ ನಕಲು ಮಾಡಿದ್ದೇನೆಂದೇ ಅವಳು ನಂಬಿದ್ದಳು. ನಕಲು ಎಲ್ಲಿದೆ? ಅದೇ ಸಾಲಿಗೆ ಇನ್ನೊಂದು ಹೆಸರು ಕೊಟ್ಟಿದ್ದಳು, ಅಷ್ಟೇ! ಅವಳು ಸಾರ್ಟ್ ಮಾಡಿದಾಗಲೆಲ್ಲ ಅವನ ಸಾಲೇ ಅದಲುಬದಲಾಗುತ್ತಿತ್ತು.

ಕೆಲಸ ಇನ್ನೂ ಖಾಯಂ ಆಗಿಲ್ಲ. ಹೇಳಿದರೆ ಕೆಲಸ ಹೋಗಬಹುದು... ಹೇಳದಿದ್ದರೆ ಅವನು ಹೋಗುತ್ತಾನೆ.

ಕಾಲು ಆಗಲೇ ಮೇಡಂ ಕೋಣೆಯತ್ತ ಓಡುತ್ತಿತ್ತು.

"ತಪ್ಪು ನಂದು ಮೇಡಂ. ಅವರನ್ನ ಕಳಿಸ್ಬೇಡಿ."

ಮೇಡಂ ದಿಟ್ಟಿಸಿ ನೋಡಿದರು. "ಖಾಯಂ ಆಗೋ ಮಾತು ಸದ್ಯಕ್ಕೆ ಮರೆತುಬಿಡಿ. ಇಬ್ರೂ ಕೂತು ಇವತ್ತೇ ಸರಿ ಮಾಡಿ."

ಗುಮ್ಮ ಹತ್ತಿದ್ದ ಲಿಫ್ಟಿನ ಬಾಗಿಲು ಮುಚ್ಚುವಷ್ಟರಲ್ಲಿ ಅವಳು ಕೈ ಅಡ್ಡ ಹಿಡಿದಳು. ಏದುಸಿರು ಬಿಡುತ್ತಲೇ ಎಲ್ಲ ಹೇಳಿದಳು.

"ಈಗ ಬೈಯ್ರಿ ನನ್ನ."

"ಈಗ ಹೊಳೀತು, ನಾನೂ ನಕಲು ಮಾಡ್ದೆ ಅಸಲು ಸಾಲನ್ನೇ ಸಾರ್ಟ್ ಮಾಡ್ತಿದ್ದೆ. ನಿಮ್ಮ ಪರದೇನ ನಾನೂ ಕೆಡಿಸಿದ್ದೀನಿ. ಯಾವ ಬಾಯಲ್ಲಿ ಬೈಲಿ?" ಎಂದ. ಮೊದಲ ಸಲ ನಕ್ಕ. "ಇಬ್ರಿಗೂ ಬೇರೆ ಬೇರೆ ನಕಲು ಮಾಡೋಣ. ಆಮೇಲೆ ಜಗಳ ಇರಲ್ಲ."

ಅವಳ ಮುಖ ಸಪ್ಪಗಾಯಿತು. "ಹೂಂ... ಇರಲ್ಲ."

"ಆಮೇಲೆ ನಿಮ್ಮ ಮೇಜಿಗೆ ಬರೋಕೆ ನಂಗೆ ಏನು ಕಾರಣ ಇರುತ್ತೆ?"

"ಕಾರಣ ಇಲ್ದೇನೇ ಬಾ."

"ಬಾ ಅಂದ್ರಾ?"

"ಅಂದೆ. ಹೋಗ್ಬೇಡ ಅಂತಾನೂ ಅನ್ಬೇಕಿತ್ತು... ಧೈರ್ಯ ಸಾಲಲಿಲ್ಲ."

ಅವನು ಚೀಲವನ್ನು ಅವಳ ಕೈಗೆ ಕೊಟ್ಟ. "ಹಾಗಾದ್ರೆ ಇದನ್ನ ನೀನೇ ಇಟ್ಕೋ. ವಾಪಸ್ ಕೊಟ್ರೂ ನಾನು ಹೋಗಲ್ಲ."